ಮಗಳಿಗೆ ಕಾರು, ಅಪ್ಪನಿಗೆ ಸೀಟು

ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗಿಬರುವ ನನ್ನ ಅಪ್ಪನಂಥವರು ಮನೆಯಲ್ಲಿದ್ದರೆ, ಹದಿನೆಂಟು ತುಂಬಿದ ಮಗಳಿಗೆ ಕೊಳ್ಳುವ ಸೆಕೆಂಡ್ ಹ್ಯಾಂಡ್ ಕಾರು ಅವಳೊಬ್ಬಳದ್ದಾಗಿ ಉಳಿಯುವುದಿಲ್ಲ. ಹಾಗಾಗಿ ಮೈಲೇಜು ಕೇಳುವ ಮೊದಲು ಸೀಟು ಅಳೆದೆ. ನೆಲದಿಂದ ಸೀಟಿನ ಎತ್ತರ ಅಪ್ಪನ ಮೊಣಕಾಲಿಗಿಂತ ಅರ್ಧ ಗೇಣು ಮೇಲಿರಬೇಕು. ಆಗ ಬೆನ್ನು ತಿರುಗಿಸಿ ಕೂತು ಕಾಲು ಒಳಗೆ ಎಳೆದುಕೊಂಡರಾಯಿತು. ಅವರ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಎಡಗೈಯಲ್ಲಿದೆ. ಮುಂದಿನ ಸೀಟಿನ ಬಾಗಿಲು, ಹಿಡಿಕೆ ಎರಡೂ ಆ ಕೈಗೇ ಸಿಗುತ್ತವೆ. ಸೀಟು ತಗ್ಗಿದ್ದರೆ ಆ ಕೈ ಊರಿಯೇ ಏಳಬೇಕು, ಅದು ಕೂಡದು. ಡಯಾಲಿಸಿಸ್ ಮುಗಿಸಿ ಬರುವಾಗ ಬಿಪಿ ಇಳಿದು ತಲೆ ಸುತ್ತುವುದುಂಟು, ಅದಕ್ಕೆ ಸೀಟು ಚೆನ್ನಾಗಿ ಹಿಂದಕ್ಕೆ ಬಾಗಬೇಕು. ಸೆಡಾನ್‌ಗಳೆಲ್ಲ ಇಲ್ಲೇ ಬಿದ್ದುಹೋದವು. ಉಳಿದದ್ದು ಪೆಟ್ರೋಲ್ ವ್ಯಾಗನ್ ಆರ್.

2019ರ ಜುಲೈಗಿಂತ ಹಿಂದಿನ ಗಾಡಿ ನೋಡಲೇ ಇಲ್ಲ. ಆ ವರ್ಷ ಏಪ್ರಿಲ್‌ನಿಂದ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಜುಲೈನಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದವು. ಎಡ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದ್ದು ಆಮೇಲೆ; ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಅದರ ಹೆಸರು ಅಚ್ಚಾಗಿದೆಯೇ ಎಂದು ಕಣ್ಣಾರೆ ನೋಡಿ.

ಬೆಳಿಗ್ಗೆ ಏಳಕ್ಕೇ ಹೋಗಿ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬಾನೆಟ್ ಬೆಚ್ಚಗಿದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬನ್ನಿ. ನನ್ನ ಜೇಬಿನಲ್ಲಿದ್ದದ್ದು ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್. ಎಂಜಿನ್ ಆಫ್ ಇರುವಾಗ ಬ್ಯಾಟರಿ 12.4 ವೋಲ್ಟ್‌ಗಿಂತ ಮೇಲಿರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು, ಸ್ಟಾರ್ಟ್ ಆದಮೇಲೆ 13.8ರಿಂದ 14.4ರ ನಡುವೆ ನಿಲ್ಲಬೇಕು. ಈ ಕೊನೆಯ ಅಂಕಿಯೇ ಮುಖ್ಯ. ಹೊಸ ಬ್ಯಾಟರಿ ಕೂರಿಸಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸುಸ್ತಾದದ್ದನ್ನು ಮುಚ್ಚಿಡುವುದು ಹಳೇ ಆಟ. ಅಂಥ ಗಾಡಿ ವಾರದೊಳಗೆ ನಡುರಾತ್ರಿ ಕೈಕೊಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಣಿಸುವ ಕೂಲೆಂಟ್ ಸಿಲಿಂಡರಿನೊಳಗೆ ಹೋಗುತ್ತಿದೆ. ಸೀಟ್‌ಬೆಲ್ಟನ್ನು ಕೊನೆತನಕ ಎಳೆಯಿರಿ: ತುದಿಯಲ್ಲಿ ಕೆಸರಿನ ಗೆರೆ ಕಂಡರೆ ಅದು ನೀರಲ್ಲಿ ಮುಳುಗೆದ್ದ ಕಾರು. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷ. 2319 ಎಂದರೆ 2019ರ 23ನೇ ವಾರ. ಸ್ಟೆಪ್ನಿಯದ್ದೂ ಓದಿ.

ಆರ್‌ಸಿಯಲ್ಲಿ ಹೈಪಾಥಿಕೇಷನ್ (ಗಾಡಿಯ ಮೇಲೆ ಬ್ಯಾಂಕ್ ಸಾಲವಿದೆ ಎಂಬ ನಮೂದು) ಇದ್ದರೆ, ಅದನ್ನು ತೆಗೆಸುವ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಾಯಿಸಲು ಫಾರ್ಮ್ 29, 30. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲದಿದ್ದರೆ ನಿಮ್ಮ ಗಾಡಿಗಾದ ಪೆಟ್ಟಿಗೆ ಕ್ಲೇಮ್ ಸಿಗುವುದು ಕಷ್ಟ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಗಾಡಿಯ ಜೊತೆ ಬರುವುದಿಲ್ಲ.

ಆಸ್ಪತ್ರೆಗೆಂದು ಎತ್ತಿಟ್ಟ ಹಣ ಮುಟ್ಟಲಿಲ್ಲ. ಕಾರಿಗೆಂದು ಇಟ್ಟ ಹಣದಲ್ಲಿ ಶೇ. 15ರಷ್ಟನ್ನು ಟೈರು, ಕ್ಲಚ್, ಬ್ಯಾಟರಿಗೆಂದು ಬೇರೆ ಇಟ್ಟು, ಉಳಿದದ್ದರಲ್ಲಿ ಸಿಗುವ ಗಾಡಿಯನ್ನೇ ಹುಡುಕಿದೆ.

ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಬಾರದು ಎಂಬುದು ಮಗಳಿಗೆ ಹಾಕಿದ ಒಂದು ಷರತ್ತು. ಇನ್ನೊಂದು, ಅಜ್ಜನಿಗೆ ಎದೆನೋವು ಬಂದರೆ, ಉಸಿರು ಕಟ್ಟಿದರೆ ಕೀಲಿಗೆ ಕೈ ಹಾಕದೆ 108ಕ್ಕೆ ಫೋನ್ ಮಾಡಬೇಕು. ನಮ್ಮ ಕಾರಿನಲ್ಲಿ ಆಕ್ಸಿಜನ್ ಇಲ್ಲ. ಗ್ಲೋವ್ ಬಾಕ್ಸಿನಲ್ಲಿ ಗಾಜ್ ಬಟ್ಟೆ ಸದಾ ಇರುತ್ತದೆ. ದಾರಿಯಲ್ಲಿ ಫಿಸ್ಟುಲಾದಿಂದ ರಕ್ತ ಬಂದರೆ ಗಾಡಿ ಪಕ್ಕಕ್ಕೆ ಹಾಕಿ, ಸೂಜಿ ಚುಚ್ಚಿದ ಜಾಗವನ್ನೇ ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಫೋನ್.