ಶಿಹ್ ತ್ಸು ಸಾಕುವುದು ಹೇಗೆ? ಕೂದಲಿಗಿಂತ ಮೊದಲು ಕಣ್ಣು, ಉಸಿರು ನೋಡಿ

ಶಿಹ್ ತ್ಸು ನಾಯಿಯನ್ನು ಮೊದಲ ಸಲ ಕಂಡವರ ಗಮನವೆಲ್ಲ ಹೋಗುವುದು ಅದರ ಕೂದಲ ಮೇಲೆ. ನೆಲ ಮುಟ್ಟುವಷ್ಟು ಉದ್ದದ ಕೂದಲು, ನೆತ್ತಿಯಲ್ಲೊಂದು ಜುಟ್ಟು, ಬೆನ್ನ ಮೇಲೆ ಬಾಗಿ ಬಿದ್ದ ಬಾಲ. ಫೋಟೊ ನೋಡಿ ಮನಸೋತು ಮರಿ ತರುವವರೇ ಜಾಸ್ತಿ. ಆದರೆ ಈ ನಾಯಿ ಸುಖವಾಗಿರುತ್ತದೋ ಇಲ್ಲವೋ ಅನ್ನುವುದು ಆ ಕೂದಲಿನ ಮರೆಯಲ್ಲಿರುವ ಕಣ್ಣು, ಮೂಗು, ಬಾಯಿಯ ಮೇಲೆ ನಿಂತಿದೆ. ದಿನಕ್ಕೆ ಹದಿನೈದು–ಇಪ್ಪತ್ತು ನಿಮಿಷ ಅದರ ಮುಖದ ಹತ್ತಿರ ಕೂರಲು ಪುರುಸೊತ್ತು ಇರುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ. ಅಷ್ಟು ಸಮಯ ಇಲ್ಲದವರು ಬೇರೆ ತಳಿ ನೋಡುವುದೇ ವಾಸಿ.

ಮೊದಲು ನಾಯಿಯ ಪರಿಚಯ

ಟಿಬೆಟ್‌ನ ಪುಟ್ಟ ನಾಯಿಗಳೂ ಚೀನಾದ ಅರಮನೆಯ ನಾಯಿಗಳೂ ಸೇರಿ ಈ ತಳಿ ರೂಪುಗೊಂಡಿತು ಎನ್ನುತ್ತಾರೆ. ಚೀನಾದ ರಾಜಮಾತೆ ಸಿಶಿ ಇವುಗಳನ್ನು ಅಕ್ಕರೆಯಿಂದ ಸಾಕಿಸಿದ್ದರು. 1908ರಲ್ಲಿ ಅವರು ತೀರಿಕೊಂಡ ಮೇಲೆ ಅರಮನೆಯ ನಾಯಿಗಳು ಚದುರಿಹೋದವು. 1930ರ ಹೊತ್ತಿಗೆ ಕೆಲವು ಬ್ರಿಟನ್ ಸೇರಿದವು, ಅಲ್ಲಿಂದ ತಳಿ ಬೆಳೆಯಿತು. 1969ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಮಾನ್ಯತೆ ಕೊಟ್ಟಿತು.

ಬೇಟೆಗೋ ಕಾವಲಿಗೋ ಹುಟ್ಟಿಸಿದ ನಾಯಿ ಇದಲ್ಲ. ನೂರಾರು ವರ್ಷ ಇದರ ಕೆಲಸ ಮನುಷ್ಯರ ಪಕ್ಕದಲ್ಲಿ ಇರುವುದಷ್ಟೇ ಆಗಿತ್ತು. ಹಾಗಾಗಿ ಮನೆಗೆ ಅಪರಿಚಿತರು ಬಂದರೂ ಬಾಲ ಆಡಿಸಿಕೊಂಡು ಹೋಗುತ್ತದೆ. ಬೊಗಳುವುದು ಕಡಿಮೆ. ಮಕ್ಕಳ ಜೊತೆ, ವಯಸ್ಸಾದವರ ಜೊತೆ, ಬೇರೆ ನಾಯಿಗಳ ಜೊತೆ ಹೊಂದಿಕೊಳ್ಳುತ್ತದೆ. ದಿನವಿಡೀ ಒಂಟಿಯಾಗಿ ಬಿಟ್ಟರೆ ಮಾತ್ರ ಕೊರಗುತ್ತದೆ. ಸ್ವಲ್ಪ ಹಟಮಾರಿ ಕೂಡ. ಕರೆದದ್ದು ಕೇಳಿಸಿದರೂ ಸುಮ್ನೆ ನೋಡುತ್ತಾ ಕೂರುತ್ತದೆ. ಗದರಿದರೆ ಇನ್ನಷ್ಟು ಬಿಗಿಯುತ್ತದೆ, ತಿನಿಸು ತೋರಿಸಿ ಕರೆದರೆ ಬರುತ್ತದೆ.

ಬೆಳೆದ ನಾಯಿಯ ತೂಕ 4ರಿಂದ 7 ಕಿಲೊ, ಎತ್ತರ ಭುಜದವರೆಗೆ 27 ಸೆಂಟಿಮೀಟರ್ ಒಳಗೆ. ‘ಟೀಕಪ್’, ‘ಇಂಪೀರಿಯಲ್’ ಎಂದು ಹೆಸರಿಟ್ಟು ಇದಕ್ಕಿಂತ ಪುಟ್ಟ ಮರಿಗಳನ್ನು ಹೆಚ್ಚಿನ ಹಣಕ್ಕೆ ಮಾರುವವರಿದ್ದಾರೆ. ಅವು ಬೇರೆ ತಳಿಯೇನಲ್ಲ. ಅಳತೆ ಮೀರಿ ಚಿಕ್ಕದಾಗಿಸಿದ ನಾಯಿಗೆ ಮೂಳೆ, ಹಲ್ಲಿನ ತೊಂದರೆಗಳು, ರಕ್ತದಲ್ಲಿ ಸಕ್ಕರೆ ಇಳಿಯುವ ತೊಂದರೆ ಜಾಸ್ತಿ. ಅಂಥ ಮರಿ ಕೊಳ್ಳಬೇಡಿ.

ಇನ್ನೊಂದು ಮಾತು. ಇದರ ಕೂದಲು ಉದುರುವುದೇ ಇಲ್ಲ, ಅಲರ್ಜಿ ಇದ್ದವರೂ ಸಾಕಬಹುದು ಎಂದು ಹೇಳುತ್ತಾರೆ ಅಲ್ವಾ? ಕೂದಲು ಉದುರುತ್ತದೆ. ಆದರೆ ಒಳಗೂದಲು ಉದುರಿದ್ದು ಉದ್ದನೆಯ ಹೊರಗೂದಲಲ್ಲೇ ಸಿಕ್ಕಿಕೊಳ್ಳುವುದರಿಂದ ನೆಲಕ್ಕೆ ಬೀಳುವುದು ಕಡಿಮೆ. ಅಲರ್ಜಿ ತರುವ ಅಂಶ ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲೂ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ ಮರಿ ತರುವ ಮೊದಲು ಅವರನ್ನು ಬೆಳೆದ ಶಿಹ್ ತ್ಸು ಜೊತೆ ಒಂದೆರಡು ಗಂಟೆ ಕೂರಿಸಿ ನೋಡಿ.

ಹಂತ 1: ಮರಿ ಆರಿಸುವಾಗ

ಎಂಟು ವಾರ ತುಂಬದ ಮರಿ ಬೇಡ. ಹತ್ತು–ಹನ್ನೆರಡು ವಾರದ್ದಾದರೆ ಇನ್ನೂ ಒಳ್ಳೆಯದು. ತಾಯಿ ನಾಯಿಯನ್ನು ತೋರಿಸಿ ಎಂದು ಕೇಳಿ. ತೋರಿಸಲು ಹಿಂದೇಟು ಹಾಕುವವರ ಹತ್ತಿರ ವ್ಯವಹಾರ ಬೇಡ.

ಮರಿಯನ್ನು ಎತ್ತಿಕೊಂಡು ಮೂಗಿನ ಹೊಳ್ಳೆ ನೋಡಿ. ಎರಡೂ ತೆರೆದಿರಬೇಕು. ಸಣ್ಣ ಗೀರಿನಂತೆ ಮುಚ್ಚಿಕೊಂಡಿದ್ದರೆ ಉಸಿರಾಟ ಮುಂದೆ ಕಷ್ಟವಾಗುತ್ತದೆ. ಸ್ವಲ್ಪ ಹೊತ್ತು ಆಡಿಸಿ, ಆಮೇಲೆ ಕಿವಿಗೊಟ್ಟು ಕೇಳಿ. ಬಾಯಿ ಮುಚ್ಚಿಕೊಂಡೂ ಸಲೀಸಾಗಿ ಉಸಿರಾಡುತ್ತಿದೆಯಾ? ಗೊರಗೊರ ಸದ್ದು ಬರುತ್ತಿದೆಯಾ? ಕಣ್ಣು ಹೊಳೆಯುತ್ತಿರಬೇಕು, ಕೆಂಪಾಗಿರಬಾರದು. ಕುಂಟುತ್ತಾ, ಹಿಂಗಾಲೊಂದನ್ನು ಎತ್ತಿಕೊಂಡು ಕುಪ್ಪಳಿಸುತ್ತಾ ನಡೆಯುತ್ತಿದ್ದರೆ ಮಂಡಿಚಿಪ್ಪು ಜಾರುವ ತೊಂದರೆ ಇರಬಹುದು. ಈ ತಳಿಯಲ್ಲಿ ಮೂತ್ರಪಿಂಡ, ಯಕೃತ್ತಿನ ಹುಟ್ಟುದೋಷಗಳೂ ಕಾಣಿಸಿಕೊಳ್ಳುತ್ತವೆ. ತಂದೆ–ತಾಯಿಯ ಆರೋಗ್ಯದ ಕಾಗದಪತ್ರ ಕೇಳಲು ಸಂಕೋಚ ಬೇಡ.

ಮನೆಗೆ ಬಂದ ಮರಿಗೆ ದಿನಕ್ಕೆ ಮೂರು–ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ ಕೊಡಿ. ಪುಟ್ಟ ಮರಿ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ರಕ್ತದಲ್ಲಿ ಸಕ್ಕರೆ ದಿಢೀರನೆ ಇಳಿಯುತ್ತದೆ. ಮಂಕಾಗುತ್ತದೆ, ತೂರಾಡುತ್ತದೆ, ನಡುಗುತ್ತದೆ. ಆಗ ಒಂದು ಬೆರಳಲ್ಲಿ ಗ್ಲೂಕೋಸ್ ನೀರನ್ನು ಒಸಡಿಗೆ ಸವರಿ, ಕೂಡಲೇ ವೈದ್ಯರ ಹತ್ತಿರ ಓಡಿ. ಪ್ರಜ್ಞೆ ತಪ್ಪಿದ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, ಕೆಲವು ವಾರಗಳ ಅಂತರದಲ್ಲಿ ಕನಿಷ್ಠ 16 ವಾರದವರೆಗೆ ಮುಂದುವರಿಯುತ್ತದೆ. ರೇಬೀಸ್ ಲಸಿಕೆ, ಜಂತುಹುಳದ ಔಷಧಿಯ ದಿನಗಳನ್ನೂ ವೈದ್ಯರಿಂದ ಬರೆಸಿಕೊಳ್ಳಿ.

ಹಂತ 2: ದಿನಾ ಬೆಳಿಗ್ಗೆ ಕಣ್ಣು

ಶಿಹ್ ತ್ಸುವಿನ ಕಣ್ಣು ದೊಡ್ಡದು. ಕಣ್ಣಗುಳಿ ಆಳವಿಲ್ಲದ ಕಾರಣ ಅದು ಮುಂದಕ್ಕೆ ಬಂದಂತಿರುತ್ತದೆ. ಮೂಗು ಗಿಡ್ಡ. ಹಾಗಾಗಿ ಎದುರಿಗೆ ಏನೇ ಬಂದರೂ ಮೊದಲು ತಾಗುವುದು ಕಣ್ಣಿಗೆ. ಮುಳ್ಳು, ದೂಳು, ಬೆಕ್ಕಿನ ಉಗುರು ಹಾಗಿರಲಿ, ತನ್ನ ಮೂಗಿನ ಮೇಲೆ ಮೇಲ್ಮುಖವಾಗಿ ಬೆಳೆಯುವ ಕೂದಲೇ ಇದಕ್ಕೆ ದೊಡ್ಡ ಶತ್ರು. ಆ ಕೂದಲು ಕರಿಗುಡ್ಡೆಯನ್ನು ದಿನವಿಡೀ ಉಜ್ಜುತ್ತಿರುತ್ತದೆ.

ಮೆತ್ತನೆಯ ಬಟ್ಟೆ ಅಥವಾ ಹತ್ತಿಯ ಉಂಡೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ. ಮೂಲೆಯಲ್ಲಿ ಒಣಗಿದ ಗೀಜಿನ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೆತ್ತಗಾದ ಮೇಲೆ ಒರೆಸಿ. ಒಣಗಿದ್ದನ್ನು ಕಿತ್ತರೆ ಚರ್ಮ ಕಿತ್ತು ಬರುತ್ತದೆ, ಮಾರನೆಯ ದಿನ ನಾಯಿ ಬಟ್ಟೆ ಕಂಡರೆ ಸಾಕು ಓಡುತ್ತದೆ. ಒಂದು ಕಣ್ಣಿಗೆ ಬಳಸಿದ್ದನ್ನು ಇನ್ನೊಂದಕ್ಕೆ ಬಳಸಬೇಡಿ. ಕೊನೆಗೆ ಒಣ ಬಟ್ಟೆಯಿಂದ ತೇವ ಒತ್ತಿ ತೆಗೆಯಿರಿ. ಕಣ್ಣಿನ ಕೆಳಗೆ ಕಾಣುವ ಕಂದುಗೆಂಪು ಕಲೆ ಕಣ್ಣೀರಿನಲ್ಲಿರುವ ಪೋರ್ಫಿರಿನ್ ಎಂಬ ಅಂಶದ್ದು. ಬಿಳಿ ಕೂದಲಲ್ಲಿ ಎದ್ದು ಕಾಣುತ್ತದೆ, ಅದೊಂದೇ ಇದ್ದರೆ ಗಾಬರಿ ಬೇಡ. ಕಣ್ಣೀರು ಇದ್ದಕ್ಕಿದ್ದಂತೆ ಹೆಚ್ಚಾದರೆ ತೋರಿಸಿ.

ಒಂದು ಕಣ್ಣು ಕಿರಿದು ಮಾಡಿಕೊಂಡಿದೆ, ಕಾಲಿನಿಂದ ಉಜ್ಜುತ್ತಿದೆ, ಗುಡ್ಡೆಯ ಮೇಲೆ ನೀಲಿ ಮಂಜು ಕವಿದಂತಿದೆ ಅಂದರೆ ಅವತ್ತೇ ವೈದ್ಯರಿಗೆ ತೋರಿಸಿ. ಕರಿಗುಡ್ಡೆಯ ಮೇಲಿನ ಹುಣ್ಣು ಒಂದೆರಡು ದಿನದಲ್ಲೇ ಆಳಕ್ಕೆ ಇಳಿದು ಕಣ್ಣು ಹೋಗಬಹುದು. ಮನೆಯಲ್ಲಿ ಉಳಿದ ಹಳೆಯ ಡ್ರಾಪ್ಸ್ ಹಾಕಲೇಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಇನ್ನಷ್ಟು ಕೆಡುತ್ತದೆ.

ಈ ನಾಯಿಯನ್ನು ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತಬಾರದು. ಪೆಟ್ಟು ಬಿದ್ದಾಗ, ದೊಡ್ಡ ನಾಯಿ ಕಚ್ಚಿ ಎಳೆದಾಗ ಕಣ್ಣುಗುಡ್ಡೆಯೇ ಗುಳಿಯಿಂದ ಹೊರಬರುವುದುಂಟು. ಹಾಗಾದರೆ ಒಳಗೆ ತಳ್ಳಲು ಹೋಗದೆ, ಒದ್ದೆ ಮಾಡಿದ ಶುದ್ಧ ಬಟ್ಟೆ ಮುಚ್ಚಿಕೊಂಡು ತಕ್ಷಣ ಆಸ್ಪತ್ರೆ ಸೇರಿಸಿ. ಅಲ್ಲಿ ಪ್ರತಿ ನಿಮಿಷವೂ ಲೆಕ್ಕ.

ಹಂತ 3: ಕೂದಲು ಬಾಚುವುದು

ಹೆಚ್ಚಿನವರು ಬೆನ್ನ ಮೇಲೆ ನಾಲ್ಕು ಸಲ ಬ್ರಷ್ ಎಳೆದು ಮುಗಿಯಿತು ಅಂದುಕೊಳ್ಳುತ್ತಾರೆ. ಮೇಲಿನಿಂದ ನೋಡಿದರೆ ನಯವಾಗಿಯೇ ಇರುತ್ತದೆ. ಅಡಿಯಲ್ಲಿ, ಚರ್ಮಕ್ಕೆ ಅಂಟಿಕೊಂಡು, ಸಿಕ್ಕು ಬೆಳೆಯುತ್ತಿರುತ್ತದೆ.

ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಪೂರ್ತಿ ಒಣಗಿದ ಕೂದಲು ಬಾಚಿದರೆ ತುಂಡಾಗುತ್ತದೆ. ಅದಕ್ಕೆ ನೀರಿನಲ್ಲಿ ಸ್ವಲ್ಪ ನಾಯಿ ಕಂಡಿಷನರ್ ಬೆರೆಸಿ ತುಂತುರು ಹೊಡೆಯಿರಿ. ಹೊಟ್ಟೆಯ ಅಂಚಿನಿಂದ ಶುರು ಮಾಡಿ. ಎಡಗೈಯಿಂದ ಮೇಲಿನ ಕೂದಲನ್ನೆಲ್ಲ ಎತ್ತಿ ಹಿಡಿದು, ಒಂದೇ ಒಂದು ಸಾಲನ್ನು ಕೆಳಗೆ ಬಿಡಿ. ಬೈತಲೆಯಲ್ಲಿ ಚರ್ಮ ಕಾಣಬೇಕು. ಆ ಸಾಲನ್ನು ಬುಡದಿಂದ ತುದಿಯವರೆಗೆ ಪಿನ್ ಬ್ರಷ್‌ನಲ್ಲಿ ಬಾಚಿ, ಆಮೇಲೆ ಸ್ಟೀಲ್ ಬಾಚಣಿಗೆ ಎಳೆಯಿರಿ. ಬಾಚಣಿಗೆ ಎಲ್ಲೂ ತಡೆಯದೆ ಬಂದರೆ ಮುಂದಿನ ಸಾಲು ಬಿಡಿ. ಹೀಗೆ ಸಾಲು ಸಾಲಾಗಿ ಬೆನ್ನಿನವರೆಗೆ ಹೋಗಿ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಒಳಗೆ, ಬಾಲದ ಬುಡದಲ್ಲಿ, ಎದೆಗೆ ತೊಡಿಸುವ ಪಟ್ಟಿ (ಹಾರ್ನೆಸ್) ಉಜ್ಜುವ ಕಡೆ ಬೇಗ ಗಂಟಾಗುತ್ತದೆ. ಸಮಯ ಇಲ್ಲದ ದಿನ ಇಷ್ಟನ್ನಾದರೂ ಬಾಚಿ.

ಗಂಟು ಸಿಕ್ಕಿದರೆ ಬುಡವನ್ನು ಎರಡು ಬೆರಳಿನಿಂದ ಗಟ್ಟಿಯಾಗಿ ಹಿಡಿಯಿರಿ, ಎಳೆತ ಚರ್ಮಕ್ಕೆ ತಾಗಬಾರದು. ಕಂಡಿಷನರ್ ಹಚ್ಚಿ ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ, ತುದಿಯಿಂದ ಬುಡದ ಕಡೆಗೆ ಬಾಚುತ್ತಾ ಬನ್ನಿ. ಕತ್ತರಿ ಹಾಕುವ ಆಸೆ ಬೇಡ. ಗಂಟಿನೊಳಕ್ಕೆ ಚರ್ಮವೂ ಎಳೆದುಕೊಂಡಿರುತ್ತದೆ, ಯಾವುದು ಕೂದಲು ಯಾವುದು ಚರ್ಮ ಗೊತ್ತಾಗುವುದೇ ಇಲ್ಲ. ಮೈತುಂಬ ಗಂಟಾಗಿದ್ದರೆ ಗ್ರೂಮಿಂಗ್ ಮಾಡುವವರ ಹತ್ತಿರ ಮೆಷಿನ್‌ನಲ್ಲಿ ಪೂರ್ತಿ ತೆಗೆಸಿಬಿಡಿ. ಕೂದಲು ಮತ್ತೆ ಬರುತ್ತದೆ. ನಾಯಿಗೆ ಗಂಟೆಗಟ್ಟಲೆ ನೋವು ಕೊಟ್ಟು ಕೂದಲು ಉಳಿಸಿಕೊಳ್ಳುವುದು ನ್ಯಾಯವಲ್ಲ.

ಹೆಚ್ಚುಕಡಿಮೆ ಒಂದು ವರ್ಷದ ಹೊತ್ತಿಗೆ ಮರಿಗೂದಲು ಹೋಗಿ ದೊಡ್ಡವರ ಕೂದಲು ಬರುತ್ತದೆ. ಆ ಕೆಲವು ವಾರ ಬೆಳಿಗ್ಗೆ ಬಿಡಿಸಿದ ಸಿಕ್ಕು ಸಂಜೆಗೆ ಮತ್ತೆ ಹಾಜರ್. ಬಹಳ ಜನ ಕೈಚೆಲ್ಲುವುದು ಇಲ್ಲೇ. ಪ್ರದರ್ಶನಕ್ಕೆ ಕರೆದೊಯ್ಯುವ ಉದ್ದೇಶ ಇಲ್ಲದಿದ್ದರೆ ಮೈಗೂದಲನ್ನು ಎರಡು–ಮೂರು ಸೆಂಟಿಮೀಟರಿಗೆ ಕತ್ತರಿಸಿಡುವ ‘ಪಪ್ಪಿ ಕಟ್’ ಮಾಡಿಸಿ ಎಂದೇ ನನ್ನ ಸಲಹೆ. ನಾಯಿಗೂ ಹಗುರ, ನಿಮಗೂ ಹಗುರ. ಆರರಿಂದ ಎಂಟು ವಾರಕ್ಕೊಮ್ಮೆ ಮತ್ತೆ ಕತ್ತರಿಸಬೇಕು. ಜುಟ್ಟು ಕಟ್ಟುವುದಾದರೆ ಮೆತ್ತನೆಯ ಬ್ಯಾಂಡ್ ಇರಲಿ, ಹಣೆಯ ಚರ್ಮ ಎಳೆಯುವಷ್ಟು ಬಿಗಿ ಬೇಡ, ದಿನಾ ಬಿಚ್ಚಿ ಕಟ್ಟಿ.

ಸ್ನಾನ ಎರಡು–ಮೂರು ವಾರಕ್ಕೊಮ್ಮೆ ಸಾಕು. ಸಿಕ್ಕು ಬಿಡಿಸಿದ ಮೇಲೆಯೇ ಸ್ನಾನ, ಒದ್ದೆಯಾದ ಗಂಟು ಇನ್ನೂ ಬಿಗಿಯಾಗುತ್ತದೆ. ನಾಯಿಗೆಂದೇ ಮಾಡಿದ ಶಾಂಪೂ ಬಳಸಿ. ಮುಖಕ್ಕೆ ನೀರು ಸುರಿಯದೆ ಬಟ್ಟೆಯಲ್ಲಿ ಒರೆಸಿ. ಬುಡದವರೆಗೆ ಒಣಗಿಸಿ. ಕಿವಿಯನ್ನು ವಾರಕ್ಕೊಮ್ಮೆ ಎತ್ತಿ ಮೂಸಿ ನೋಡಿ. ಕೆಟ್ಟ ವಾಸನೆ, ಕಪ್ಪು ಗುಗ್ಗೆ ಇದ್ದರೆ ವೈದ್ಯರಿಗೆ ತೋರಿಸಿ, ಬಡ್ಸ್ ಒಳಗೆ ಹಾಕಬೇಡಿ. ಉಗುರು ಮೂರು–ನಾಲ್ಕು ವಾರಕ್ಕೊಮ್ಮೆ. ಪಾದದ ಅಡಿಯ ಕೂದಲನ್ನೂ ಆಗಲೇ ಕತ್ತರಿಸಿದರೆ ನಯವಾದ ನೆಲದಲ್ಲಿ ಜಾರುವುದಿಲ್ಲ.

ಹಂತ 4: ಉಸಿರು ಮತ್ತು ಬಿಸಿಲು

ನಾಯಿಗಳು ಮೈ ತಣ್ಣಗಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರು ಬಿಡುತ್ತಾ. ಮೂಗು ಗಿಡ್ಡವಾದ ನಾಯಿಗೆ ಆ ದಾರಿಯೇ ಇಕ್ಕಟ್ಟು. ಬೇರೆ ನಾಯಿ ಆರಾಮಾಗಿ ಆಡುವ ಬಿಸಿಲಲ್ಲಿ ಶಿಹ್ ತ್ಸು ಕುಸಿದು ಬೀಳಬಹುದು. ನಡಿಗೆ ತಂಪು ಹೊತ್ತಿನಲ್ಲಿ ಮಾತ್ರ, ಹದಿನೈದು–ಇಪ್ಪತ್ತು ನಿಮಿಷದಂತೆ ದಿನಕ್ಕೆ ಎರಡು ಸಲ ಸಾಕು. ನಿಲ್ಲಿಸಿದ ಕಾರಿನಲ್ಲಿ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಕತ್ತುಪಟ್ಟಿಗೆ ಹಗ್ಗ ಕಟ್ಟುವ ಬದಲು ಎದೆಗೆ ತೊಡಿಸುವ ಹಾರ್ನೆಸ್ ಬಳಸಿ. ಕತ್ತು ಬಿಗಿದರೆ ಉಸಿರಿಗೂ ಕಣ್ಣಿಗೂ ಒತ್ತಡ.

ನಾಯಿಯ ಸಹಜ ತಾಪ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಅಂಟು ಜೊಲ್ಲು, ಕಡುಗೆಂಪು ನಾಲಿಗೆ, ತೂರಾಟ ಕಂಡರೆ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯಿರಿ, ಫ್ಯಾನ್ ಹಾಕಿ. ಮೈ ತಣಿಸುತ್ತಲೇ ಆಸ್ಪತ್ರೆಗೆ ಹೊರಡಿ.

ತೂಕವೂ ಉಸಿರಿನದೇ ವಿಷಯ. ಪಕ್ಕೆ ಸವರಿದರೆ ಬೆರಳಿಗೆ ಎಲುಬು ಸಿಗಬೇಕು. ಇಷ್ಟು ಪುಟ್ಟ ನಾಯಿಗೆ ಅರ್ಧ ಕಿಲೊ ಹೆಚ್ಚಾದರೂ ಭಾರವೇ. ಬೆಳೆದ ಮೇಲೆ ದಿನಕ್ಕೆ ಎರಡು ಊಟ, ಅಳತೆ ಮಾಡಿ, ಅಗಲವಾದ ತಗ್ಗು ತಟ್ಟೆಯಲ್ಲಿ. ತಿನಿಸು ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆಯ ಬದಲು ಬಳಸುವ ಜೈಲಿಟಾಲ್ ಇವೆಲ್ಲ ನಾಯಿಗೆ ವಿಷ.

ಹಂತ 5: ಹಲ್ಲು, ಶೌಚ ಮತ್ತು ಬೆನ್ನು

ಪುಟ್ಟ ದವಡೆಯಲ್ಲಿ 42 ಹಲ್ಲು ಕೂರಬೇಕು. ಅವು ಒಂದರ ಮೇಲೊಂದು ಬಂದು ಸಂದಿಯಲ್ಲಿ ಕೊಳೆ ನಿಲ್ಲುತ್ತದೆ. ನಾಯಿಯ ಪೇಸ್ಟ್‌ನಲ್ಲಿ ದಿನಾ ಉಜ್ಜಿ, ಮನುಷ್ಯರ ಪೇಸ್ಟ್ ಬೇಡ. ಏಳು ತಿಂಗಳಾದರೂ ಹಾಲುಹಲ್ಲು ಬೀಳದಿದ್ದರೆ ತೆಗೆಸಬೇಕಾಗುತ್ತದೆ.

ಶೌಚ ಕಲಿಯುವುದರಲ್ಲಿ ಈ ತಳಿ ನಿಧಾನ. ನಿದ್ದೆಯಿಂದ ಎದ್ದಾಗ, ಊಟ ಆದಾಗ, ಆಟ ಮುಗಿದಾಗ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲೇ ಮಾಡಿದರೆ ಆ ಕ್ಷಣವೇ ಹೊಗಳಿ. ಮನೆಯೊಳಗೆ ಮಾಡಿದರೆ ಬಯ್ಯದೆ ಒರೆಸಿ. ಮೂತಿ ಉಜ್ಜಿ ಶಿಕ್ಷಿಸಿದರೆ ಅದು ಕಲಿಯುವುದು ಬಚ್ಚಿಟ್ಟುಕೊಂಡು ಮಾಡುವುದನ್ನು. ಕೆಲವು ಮರಿಗಳಿಗೆ ತಿಂಗಳುಗಟ್ಟಲೆ ಬೇಕು.

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ. ಬೆನ್ನು ಉದ್ದ, ಕಾಲು ಗಿಡ್ಡ. ಸೋಫಾದಿಂದ ಮತ್ತೆ ಮತ್ತೆ ಜಿಗಿದರೆ ಬೆನ್ನುಮೂಳೆಯ ಡಿಸ್ಕ್ ಜಾರಬಹುದು. ಪಕ್ಕದಲ್ಲಿ ಪುಟ್ಟ ಮೆಟ್ಟಿಲು ಇಡಿ.

ವೈದ್ಯರ ಹತ್ತಿರ ಯಾವಾಗ?

ಚೆನ್ನಾಗಿ ನೋಡಿಕೊಂಡರೆ ಶಿಹ್ ತ್ಸು 10ರಿಂದ 16 ವರ್ಷ ಬದುಕುತ್ತದೆ. ವರ್ಷಕ್ಕೊಮ್ಮೆ ತಪಾಸಣೆ, ಎಂಟರ ನಂತರ ಆರು ತಿಂಗಳಿಗೊಮ್ಮೆ. ಕೆಲವೊಮ್ಮೆ ಈ ನಾಯಿ ಕತ್ತು ಚಾಚಿ ನಿಂತು, ಮೂಗಿನಿಂದ ಗಾಳಿಯನ್ನು ಜೋರಾಗಿ ಒಳಗೆಳೆದುಕೊಳ್ಳುತ್ತಾ ಗೊರ್ ಗೊರ್ ಎನ್ನುತ್ತದೆ. ನೋಡಿದವರ ಜೀವವೇ ಬಾಯಿಗೆ ಬರುತ್ತದೆ. ಇದು ತಿರುಗುಸೀನು. ಗಂಟಲು ಮೆಲ್ಲಗೆ ಸವರುತ್ತಾ ಇದ್ದರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ. ಪದೇ ಪದೇ ಬಂದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ. ಆಸ್ಪತ್ರೆಯ ಮೇಜಿನ ಮೇಲೆ ಅದು ಸುಮ್ನೆ ಕೂತುಬಿಡುತ್ತದೆ, ಬಾಯಿಮಾತಿನಲ್ಲಿ ವಿವರಿಸುವುದು ಕಷ್ಟ. ಆದರೆ ನಾಲಿಗೆ ನೀಲಿಯಾದರೆ, ನಿದ್ದೆಯಲ್ಲಿ ಉಸಿರುಗಟ್ಟಿ ಎದ್ದು ಕೂರುತ್ತಿದ್ದರೆ, ಹತ್ತು ಹೆಜ್ಜೆ ನಡೆದು ಮಲಗಿಬಿಟ್ಟರೆ ಕಾಯಬೇಡಿ. ಹೊಳ್ಳೆ ಅಗಲಿಸುವ, ಗಂಟಲೊಳಗೆ ಹೆಚ್ಚಾದ ಮೆತ್ತನೆಯ ಭಾಗ ಕತ್ತರಿಸುವ ಶಸ್ತ್ರಚಿಕಿತ್ಸೆಗಳಿವೆ. ಚಿಕ್ಕ ವಯಸ್ಸಿನಲ್ಲೇ ಮಾಡಿಸಿದಷ್ಟೂ ನಾಯಿಗೆ ಉಸಿರಾಟ ಸಲೀಸು.