ಮಾದರಿಯ ಮಳೆ, ಮಾಪಕದ ಮಳೆ

ಪಶ್ಚಿಮಘಟ್ಟದ ಮುಂಗಾರನ್ನು ಸಿಎಂಐಪಿ6 ಮಾದರಿಗಳು (ಜಗತ್ತಿನ ಬೇರೆಬೇರೆ ಸಂಸ್ಥೆಗಳು ಒಂದೇ ನಿಯಮದಡಿ ಓಡಿಸಿದ ಹವಾಗುಣದ ಕಂಪ್ಯೂಟರ್ ಮಾದರಿಗಳು) ಎಷ್ಟರಮಟ್ಟಿಗೆ ಹಿಡಿಯುತ್ತವೆ ಎಂದು ನೋಡಲು ಹೊರಟವನು ನಾನು. ಹೆಚ್ಚಿನ ಸಮಯ ಹೋದದ್ದು ಮಾತ್ರ ವೀಕ್ಷಣೆಗಳನ್ನು ಅರ್ಥಮಾಡಿಕೊಳ್ಳುವುದರಲ್ಲಿ.

ಭಾರತೀಯ ಹವಾಮಾನ ಇಲಾಖೆಯ (ಐಎಂಡಿ) ಗ್ರಿಡ್ ದತ್ತಾಂಶದಲ್ಲಿ 1901ರಿಂದ ಈಚಿನ ದಿನದಿನದ ಮಳೆ ಅಕ್ಷಾಂಶ-ರೇಖಾಂಶದ ಕಾಲು ಡಿಗ್ರಿ ಚೌಕಗಳಲ್ಲಿ ಸಿಗುತ್ತದೆ. ಅದರ ಹಿಂದೆ 6955 ಮಳೆಮಾಪಕ ಕೇಂದ್ರಗಳ ದಾಖಲೆಯಿದೆ, ಆದರೆ ಎಲ್ಲ ಕೇಂದ್ರಗಳೂ ಎಲ್ಲ ದಿನವೂ ವರದಿ ಕಳಿಸಿಲ್ಲ. ಕೇಂದ್ರವಿಲ್ಲದ ಚೌಕಕ್ಕೆ ಸುತ್ತಲಿನ ಅಳತೆಗಳನ್ನೇ ದೂರಕ್ಕೆ ತಕ್ಕಂತೆ ತೂಗಿ ತುಂಬಿರುತ್ತಾರೆ. ಬಯಲುಸೀಮೆಯಲ್ಲಿ ಇದು ನಡೆದೀತು. ಘಟ್ಟದಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ. ಅದಕ್ಕೇ ಏರಿಕೆ-ಇಳಿಕೆಯ ಮಾತು ಬಂದಾಗಲೆಲ್ಲ ಆ ಚೌಕದ ಸುತ್ತ ಕೇಂದ್ರಗಳ ಸಂಖ್ಯೆ ಯಾವಾಗ ಬದಲಾಯಿತು ಎಂದು ಮೊದಲು ನೋಡುತ್ತೇನೆ. ಮಳೆ ಹೆಚ್ಚಿದಂತೆ ಕಂಡದ್ದು ಹೊಸ ಮಾಪಕ ಬಂದದ್ದರ ಫಲವೂ ಆಗಿರಬಹುದು.

ಮುಂದಿನದು ಗ್ರಿಡ್ ಹೊಂದಿಸುವ ಕೆಲಸ. ಬಹುಪಾಲು ಮಾದರಿಗಳ ಒಂದು ಚೌಕ ಸುಮಾರು 100 ಕಿ.ಮೀ. ಅಥವಾ ಅದಕ್ಕೂ ಹೆಚ್ಚು ಅಗಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೇಲೆ ಸುರಿಯುವ ಮಳೆ, ಶಿವಮೊಗ್ಗ ದಾಟಿ ಬಯಲು ಸಿಗುವಷ್ಟರಲ್ಲಿ 1000ಕ್ಕಿಂತ ಕೆಳಗಿಳಿಯುತ್ತದೆ. ಇವೆರಡೂ ಒಂದೇ ಚೌಕದೊಳಗೆ ಬಂದುಬಿಡಬಹುದು. ಮಾದರಿಗೆ ಘಟ್ಟವೆಂದರೆ ತಗ್ಗಾದ, ಅಗಲವಾದ ಒಂದು ದಿಬ್ಬ. ಆಗುಂಬೆಯ ಮಾಪಕವನ್ನು ಮುಂದಿಟ್ಟುಕೊಂಡು ‘ಮಾದರಿ ಸೋತಿತು’ ಎನ್ನುವುದು ನ್ಯಾಯವಲ್ಲ. ನಾನು ಐಎಂಡಿ ದತ್ತಾಂಶವನ್ನೇ ಮಾದರಿಯ ಗ್ರಿಡ್‌ಗೆ ತರುತ್ತೇನೆ, ಅದೂ ಸಿಡಿಒ ಎಂಬ ಹವಾಮಾನ ದತ್ತಾಂಶದ ತಂತ್ರಾಂಶದ ‘ರೀಮ್ಯಾಪ್‌ಕಾನ್’ ಬಳಸಿ. ಅದು ಚೌಕಗಳ ವಿಸ್ತೀರ್ಣ ನೋಡಿ ಸರಾಸರಿ ತೆಗೆಯುವುದರಿಂದ ಒಟ್ಟು ನೀರಿನ ಲೆಕ್ಕ ತಪ್ಪುವುದಿಲ್ಲ. ಬೈಲಿನಿಯರ್ ವಿಧಾನ ಹತ್ತಿರದ ನಾಲ್ಕು ಬಿಂದುಗಳನ್ನಷ್ಟೇ ನೋಡುತ್ತದೆ. ಘಟ್ಟದ ತುದಿಯ ಮಳೆ ಅಲ್ಲೇ ಮಾಯ.

ಸಣ್ಣಪುಟ್ಟ ಕಾಟಗಳೂ ಇವೆ. ಮಾದರಿಯ ಮಳೆ ಸೆಕೆಂಡಿಗೆ ಇಷ್ಟು ಎಂಬ ಲೆಕ್ಕದಲ್ಲಿರುತ್ತದೆ, ದಿನದ ಲೆಕ್ಕಕ್ಕೆ ತರಲು 86400ರಿಂದ ಗುಣಿಸಬೇಕು. ಬ್ರಿಟನ್ನಿನ ಹ್ಯಾಡ್‌ಜೆಮ್ ಮಾದರಿಗಳಿಗೆ ಎಲ್ಲ ತಿಂಗಳೂ 30 ದಿನ. ಐಎಂಡಿಯ ‘ದಿನ’ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ, ಅಂದರೆ ಇವತ್ತಿನ ತಾರೀಖಿನಲ್ಲಿ ಬರೆದ ಮಳೆಯ ಬಹುಪಾಲು ನಿನ್ನೆಯದು.

ಹೊಸಬರು ತಪ್ಪದೆ ಕೇಳುವ ಪ್ರಶ್ನೆ: ‘ಸರ್, 2002ರ ಬರ ಈ ಮಾದರಿಯಲ್ಲಿ ಕಾಣ್ತಾನೇ ಇಲ್ವಲ್ಲ?’ ಕಾಣಬೇಕಾಗಿಯೂ ಇಲ್ಲ. 1850ರಿಂದ ಓಡಿಸಿದ ಐತಿಹಾಸಿಕ ಪ್ರಯೋಗಗಳಿಗೆ ಹಸಿರುಮನೆ ಅನಿಲ, ಜ್ವಾಲಾಮುಖಿ ಮುಂತಾದವನ್ನು ಮಾತ್ರ ಹೊರಗಿನಿಂದ ಕೊಟ್ಟಿರುತ್ತಾರೆ. ನಮ್ಮಲ್ಲಿ ಬರ ತರಬಲ್ಲ ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯಾಗುವ ವಿದ್ಯಮಾನ) ಯಾವ ವರ್ಷ ಬರಬೇಕೆಂಬುದು ಆಯಾ ಮಾದರಿಯ ಸಾಗರಕ್ಕೆ ಬಿಟ್ಟದ್ದು. ಹೋಲಿಸಬೇಕಾದದ್ದು ಸರಾಸರಿ, ಏರಿಳಿತದ ಪ್ರಮಾಣ, ಬರ ಎಷ್ಟು ಸಲ ಬರುತ್ತದೆ ಎಂಬುದನ್ನು. ವರ್ಷಕ್ಕೆ ವರ್ಷ ಹೊಂದಿಸಿ ನೋಡಲೇಬೇಕಿದ್ದರೆ, ಸಮುದ್ರದ ನಿಜವಾದ ತಾಪಮಾನ ಕೊಟ್ಟು ಓಡಿಸಿದ ಎಎಂಐಪಿ ಪ್ರಯೋಗಗಳಿವೆ.

ಒಟ್ಟು ಮಳೆ ಹೊಂದಿಕೆಯಾದರೂ ನನಗೆ ಸಮಾಧಾನವಿರುವುದಿಲ್ಲ. ಅನೇಕ ಮಾದರಿಗಳು ಹೆಚ್ಚುಕಡಿಮೆ ಪ್ರತಿದಿನ ಜಿನುಗುತ್ತವೆ, ಜೋರು ಮಳೆ ಬರಬೇಕಾದ ದಿನ ಕೈಕೊಡುತ್ತವೆ. ಎರಡು ತಪ್ಪು ಸೇರಿ ಮೊತ್ತ ಸರಿಹೋಗಿಬಿಡುತ್ತದೆ. ಹಾಗಾಗಿ ಮಳೆದಿನಗಳ ಸಂಖ್ಯೆ, ಮಳೆದಿನದ ತೀವ್ರತೆ ಎರಡನ್ನೂ ಬೇರೆಬೇರೆಯಾಗಿಯೇ ಲೆಕ್ಕಹಾಕುತ್ತೇನೆ. ದಿನಕ್ಕೆ ಇಷ್ಟಾದರೂ ಸುರಿದರೆ ಮಳೆದಿನ ಎನ್ನುವ ಐಎಂಡಿಯ 2.5 ಮಿ.ಮೀ. ಮಿತಿ ಇಲ್ಲಿ ನೆರವಿಗೆ ಬರುತ್ತದೆ.

ಪ್ರತಿ ಮಾದರಿ ವೀಕ್ಷಣೆಗೆ ಎಷ್ಟು ಹತ್ತಿರವಿದೆ ಎಂದು ಒಂದೊಂದು ಚುಕ್ಕೆಯಾಗಿ ತೋರಿಸುವ ಟೇಲರ್ ಚಿತ್ರ ಎಲ್ಲರಿಗೂ ಇಷ್ಟ, ನನಗೂ. ಸರಾಸರಿಯ ಓರೆ (ಮಾದರಿ ಒಟ್ಟಾರೆ ಹೆಚ್ಚು ಅಥವಾ ಕಡಿಮೆ ತೋರಿಸುವ ತಪ್ಪು) ಅದರಲ್ಲಿ ಕಾಣುವುದಿಲ್ಲ ಎಂಬುದನ್ನು ಮಾತ್ರ ಎಷ್ಟೋ ಪ್ರಬಂಧಗಳು ಮರೆಯುತ್ತವೆ. ಆ ಚಿತ್ರದಲ್ಲಿ ಮಾದರಿಗಳ ಜೊತೆಗೆ ಉಪಗ್ರಹ ಬಳಸಿದ ಜಿಪಿಸಿಪಿ, ಐಮರ್ಜ್ ಮತ್ತು ಮಾಪಕಗಳಿಂದಾದ ಅಫ್ರೊಡೈಟ್ ಮಳೆ ದತ್ತಾಂಶಗಳಿಗೂ ಒಂದೊಂದು ಚುಕ್ಕೆ ಇಡುತ್ತೇನೆ. ಘಟ್ಟದ ಮೋಡಗಳು ಬಹಳ ಎತ್ತರಕ್ಕೆ ಬೆಳೆಯದೆಯೇ ಸುರಿಯುವುದರಿಂದ ಉಪಗ್ರಹಗಳು ಅಲ್ಲಿನ ಮಳೆಯನ್ನು ಕಡಿಮೆ ಅಂದಾಜಿಸುತ್ತವೆ. ಹೀಗೆ ವೀಕ್ಷಣೆಗಳ ನಡುವಿನ ಅಂತರವೇ ಎರಡು ಮಾದರಿಗಳ ನಡುವಿನ ಅಂತರದಷ್ಟಿದ್ದರೆ, ಆ ಎರಡರಲ್ಲಿ ಯಾವುದು ಮೇಲು ಎಂದು ನಾನು ಬರೆಯುವುದಿಲ್ಲ. ಇಆರ್‌ಎ5 (ವೀಕ್ಷಣೆ ಮತ್ತು ಮಾದರಿ ಸೇರಿಸಿ ಹಿಂದಿನ ಹವಾಮಾನವನ್ನು ಮರುರಚಿಸಿದ ದತ್ತಾಂಶ) ಮಳೆಯನ್ನು ಈ ಸಾಲಿಗೆ ಸೇರಿಸುವುದೂ ಇಲ್ಲ. ಅದು ಮುನ್ಸೂಚನಾ ಮಾದರಿ ಲೆಕ್ಕಹಾಕಿದ ಮಳೆ, ನಮ್ಮ ಮಾಪಕಗಳ ಅಳತೆ ಅದರೊಳಗೆ ಹೋಗುವುದಿಲ್ಲ. ಗಾಳಿ, ತೇವಾಂಶದ ಹೋಲಿಕೆಗೆ ಮಾತ್ರ ಅದನ್ನೇ ನೆಚ್ಚುತ್ತೇನೆ.

ಓರೆ ತಿದ್ದಿದ ದತ್ತಾಂಶ ತಂದು ‘ಐಎಂಡಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ’ ಎನ್ನುವವರಿದ್ದಾರೆ. ತಿದ್ದಿದ್ದೇ ಐಎಂಡಿ ಬಳಸಿ ಆಗಿದ್ದರೆ ಅದು ಉತ್ತರ ನೋಡಿ ಬರೆದ ಪರೀಕ್ಷೆಗೆ ಅಂಕ ಕೊಟ್ಟ ಹಾಗೆ. ಅಂಥದ್ದು ಕೈಗೆ ಬಂದರೆ ಯಾವ ವರ್ಷಗಳನ್ನು ತಿದ್ದುಪಡಿಗೆ ಬಳಸಿದ್ದಾರೆ ಎಂದು ಕೇಳಿ, ಉಳಿದ ವರ್ಷಗಳ ಮೇಲಷ್ಟೇ ಪರೀಕ್ಷಿಸುತ್ತೇನೆ.