ಹುಣಸೆ ಬೀಜದ ಕಡತ ಮತ್ತು ಆಣೆ ಲೆಕ್ಕ: ನನ್ನ ಅನುಭವ

ಶಾನುಭೋಗರು ಲೆಕ್ಕ ಬರೆಯುತ್ತಿದ್ದ ಮಡಿಸುವ ಕಪ್ಪು ಕಡತವನ್ನು ನಾನೇ ಮಾಡುತ್ತೇನೆ ಅಂದಾಗ ತುಮಕೂರಿನ ಮಂಡಿಯಲ್ಲಿ ಎಲ್ಲರೂ ನಕ್ಕರು. ಈಗ ಅದು ಯಾರ ಕೈಗೂ ಹತ್ತಲ್ಲ ಅಂದರು. ನನಗೆ ಹತ್ತಿತು. ಬಳಪದಲ್ಲಿ ಬರೆದ ಲೆಕ್ಕ ಒಂದು ಮಳೆಗಾಲ ಕಳೆದರೂ ಹಾಗೇ ಇದೆ.

ಬಟ್ಟೆ, ಇದ್ದಿಲು, ಅಂಟು ಇಷ್ಟೇ ಸಾಮಾನು. ಇದ್ದಿಲ ಪುಡಿಯನ್ನು ಅಂಟಲ್ಲಿ ಕಲಸಿ ಬಟ್ಟೆಗೆ ಬಳಿಯಬೇಕು. ತಲೆನೋವೆಲ್ಲ ಅಂಟಿನದು. ಮೊದಲು ಅಂಗಡಿಯ ಬಿಳಿ ಗೋಂದು ಹಾಕಿದೆ. ಒಣಗಿದ ಮೇಲೆ ಮಿರಮಿರ ಹೊಳೆಯಿತು, ಬಳಪ ಜಾರಿತು. ಮೈದಾ ಅಂಟಿನದು ಚೆನ್ನಾಗೇ ಬಂತು, ಜಿರಳೆಗಳಿಗೂ ಇಷ್ಟವಾಯಿತು. ಕೊನೆಗೆ ಹಳಬರ ದಾರಿಗೇ, ಹುಣಸೆ ಬೀಜದ ಅಂಟಿಗೇ ಬಂದೆ. ನಮ್ಮೂರಲ್ಲಿ ಹುಣಸೆಗೇನು ಬರ? ಹಣ್ಣು ಬಿಡಿಸುವವರ ಹತ್ತಿರ ಎರಡು ಚೀಲ ಬೀಜ ಕೊಂಡೆ. ಹುರಿದು, ಕುಟ್ಟಿ, ಸಿಪ್ಪೆ ಹಾರಿಸಿದೆ. ಮಿಲ್ಲಿನವನು ಕಲ್ಲು ಸವೆಯುತ್ತೆ ಅಂತ ಡಬಲ್ ಕೂಲಿ ಕೇಳಿದ. ಸಿಪ್ಪೆ ಚೂರು ಉಳಿದರೂ ಅಂಟು ಗಂಟಾಗುತ್ತದೆ. ಒಂದು ಚೀಲ ಹಾಗೇ ಹೋಯಿತು.

ತಿಪಟೂರಿನಿಂದ ತರಿಸಿದ ತೆಂಗಿನ ಚಿಪ್ಪಿನ ಇದ್ದಿಲು ಎಷ್ಟು ಅರೆದರೂ ತರಿ ತರಿ. ಸೌದೆ ಇದ್ದಿಲನ್ನು ಹಳೇ ಪಂಚೆಯಲ್ಲಿ ಸೋಸಿದ್ದೇ ಸರಿಹೋಯಿತು. ಎರಡೂ ಕಡೆ ಬಳಿದು ನೆರಳಲ್ಲಿ ಒಣಗಲು ಬಿಟ್ಟು, ಹಸಿ ಪೂರ್ತಿ ಆರುವ ಮುಂಚೆ ಮಡಿಸಬೇಕು. ಬಿಸಿಲಿಗೆ ಹಾಕಿದ್ದೆಲ್ಲ ಮಡಿಕೆಯಲ್ಲೇ ಬಿರಿಯಿತು. ಬಿರಿಯದಿರಲು ಅಂಟಿಗೆ ಒಂದು ಎಲೆಯ ರಸ ಸೇರಿಸುತ್ತೇನೆ. ಯಾವ ಎಲೆ ಅಂತ ಕೇಳಬೇಡಿ. ನಾಲ್ಕು ಸಾವಿರದ ಹತ್ತಿರ ಕಳೆದು ಕಲಿತದ್ದು ಅದು. ಈಗ ಒಂದು ಕಡತಕ್ಕೆ ಇನ್ನೂರು ರೂಪಾಯಿ ಬಿದ್ದರೆ ಜಾಸ್ತಿ.

ಮಾಡಿದ ಮೇಲೆ ಸುಮ್ನೆ ಇಡೋದು ಹೇಗೆ? ಒಂದು ತಿಂಗಳ ಮನೆ ಖರ್ಚನ್ನು ಹಳೇ ರೂಪಾಯಿ-ಆಣೆಯಲ್ಲಿ ಬರೆದೆ, ರೂಪಾಯಿಗೆ ಹದಿನಾರು ಆಣೆಯಂತೆ. ನಾಲ್ಕಾಣೆಗೆ ಒಂದು ನಿಂತ ಗೆರೆ, ಎಂಟಾಣೆಗೆ ಎರಡು, ಹನ್ನೆರಡಾಣೆಗೆ ಮೂರು. ಹದಿಮೂರಾಣೆ ಆದರೆ ಪಕ್ಕದಲ್ಲಿ ಒಂದು ಮಲಗಿದ ಗೆರೆ. ನಾಲ್ಕನೇ ನಿಂತ ಗೆರೆ ಬಂತೋ, ರೂಪಾಯಿ ತುಂಬಿತು. ಕೂಡುವ ಕೆಲಸ ಅರ್ಧ ಕಣ್ಣಲ್ಲೇ ಮುಗಿಯುತ್ತದೆ. ನಮ್ಮ ಗುಮಾಸ್ತನ ಕ್ಯಾಲ್ಕುಲೇಟರಿಗಿಂತ ಮೊದಲು ಮೊತ್ತ ಹೇಳಿದ್ದೇನೆ, ಒಂದಲ್ಲ ಎರಡು ಸಲ.

ಅದೇ ಖರ್ಚನ್ನು ನಯಾಪೈಸೆಗೆ ತಿರುಗಿಸಿದಾಗ ಮಜಾ ಸಿಕ್ಕಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತಲ್ಲ, ಆಣೆಗೆ ಆರೂಕಾಲು ಬಿತ್ತು. ಕಾಲು ಪೈಸೆಗೆ ನಾಣ್ಯವೆಲ್ಲಿ? ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಅಂತ ಲೆಕ್ಕ ಕಟ್ಟಿದರು. ಒಂದೊಂದಾಣೆಯಂತೆ ಹದಿನಾರು ಸಲ ಕೊಂಡವನು 96 ಪೈಸೆ ಕೊಟ್ಟರೆ ಸಾಕಿತ್ತು. ನಾಲ್ಕು ಪೈಸೆ ಅಂಗಡಿಯವನ ತಲೆಗೆ. ಮೂರು ಮೂರಾಣೆಯಂತೆ ಕೊಂಡವನಿಗೆ ಉಲ್ಟಾ ಪೆಟ್ಟು.

ಇನ್ನೊಂದು ಮಡಿಕೆಯಲ್ಲಿ ಕಂಠೀರಾಯ ಹಣದ ಲೆಕ್ಕ. ಹಣ ಅಂದರೆ ಇಲ್ಲಿ ಹಳೇ ಮೈಸೂರಿನ ಪುಟ್ಟ ಚಿನ್ನದ ನಾಣ್ಯ. ಹತ್ತು ಹಣಕ್ಕೆ ವರಹ, ಹಣದ ಕಾಲು ಭಾಗ ಹಾಗ, ಹದಿನಾರರಲ್ಲೊಂದು ವೀಸ. ಇಲ್ಲೂ ಹದಿನಾರೇ, ಹಾಗಾಗಿ ಅದೇ ಗೆರೆ ನಡೆಯಿತು. ಹಾಲಿನವನ ಬಾಕಿಯನ್ನು ವೀಸದಲ್ಲಿ ಓದಿ ಹೇಳಿದೆ. ಅವನು ರೂಪಾಯಿ ಇಸಕೊಂಡು ಹೋದ.

ನಕ್ಕವರಲ್ಲೇ ಒಬ್ಬರು ಈಗ ಮಗಳ ಮದುವೆ ಮುಯ್ಯಿ ಲೆಕ್ಕಕ್ಕೆ ಅಂತ ಎರಡು ಕಡತ ಹೇಳಿದ್ದಾರೆ. ಐನೂರರಂತೆ ಕೊಡುತ್ತೇನೆ ಅಂದಿದ್ದೇನೆ. ಅಡ್ವಾನ್ಸ್ ಇನ್ನೂ ಬಂದಿಲ್ಲ.